ಕೋಲ್ಡ್ ಸ್ಟೋರೇಜು ಮೊದಲು

ಸಂಹಿತಾ ಚೆನ್ನಾಗಿ ಬರೆಯುತ್ತಾಳೆ ಎಂದು ಆಫೀಸಿನಲ್ಲಿ ಮೊದಲು ಹೇಳಿದವಳು ನಾನೇ. ಅವಳು ಬಂದ ಹೊಸತು ಅದು. ಬೆಂಗಳೂರಿನಿಂದ ಒಬ್ಬಳೇ ಬಂದಿದ್ದಾಳೆ, ನಾಗಪುರದ ಬಿಸಿಲಿಗೆ ಮುಖ ಕೆಂಪಾಗಿದೆ, ಪಾಪ, ನಮ್ಮ ಕಡೆಯ ಹುಡುಗಿ ಎಂದು ಒಂದು ಒಳ್ಳೆಯ ಮಾತು ಆಡಿದ್ದೆ. ಎಲ್ಲರೂ ಅದನ್ನೇ ನಿಜವೆಂದು ಹಿಡಿದುಕೊಂಡು ನನ್ನ ಮುಂದೆಯೇ ದಿನಾ ಹೇಳುತ್ತಾರೆಂದು ನನಗೇನು ಗೊತ್ತಿತ್ತು?

ನಮ್ಮದು ಸೀತಾಬರ್ಡಿಯ ಒಂದು ಗಲ್ಲಿಯಲ್ಲಿ, ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿರುವ ಸಣ್ಣ ಸಾಫ್ಟ್‌ವೇರ್ ಕಂಪನಿ. ಇತವಾರಿಯ ಸಗಟು ವ್ಯಾಪಾರಿಗಳು ಸರಕು ಸಾಗಿಸಲು ಟೆಂಪೋ ಗೊತ್ತುಮಾಡುವುದು, ಊರಾಚೆಯ ಕೋಲ್ಡ್ ಸ್ಟೋರೇಜಿನಲ್ಲಿ ಜಾಗ ಹಿಡಿಯುವುದು, ಎಲ್ಲ ನಮ್ಮ ಸಾಫ್ಟ್‌ವೇರಿನಲ್ಲೇ. ಅದನ್ನು ಬಳಸುವುದು ಹೇಗೆಂದು ಬರೆದವಳು ನಾನು. ಚಿತ್ರ ಹಾಕಿ, ಬಾಣದ ಗುರುತು ಹಾಕಿ, ಎಲ್ಲಿ ಒತ್ತಿದರೆ ಏನಾಗುತ್ತದೆ, ತಪ್ಪು ಒತ್ತಿದರೆ ವಾಪಸ್ ಹೇಗೆ ಬರಬೇಕು ಎಂದು ಮರಾಠಿಯಲ್ಲೂ ಹಿಂದಿಯಲ್ಲೂ ಬರೆದಿದ್ದೆ. ವ್ಯಾಪಾರಿಗಳು ಅರ್ಧ ಓದಿ, ಉಳಿದರ್ಧಕ್ಕೆ ನನಗೇ ಫೋನ್ ಮಾಡುತ್ತಿದ್ದರು. "ಜಲಜಾ ತಾಈ, ಯೇ ಕ್ಯಾ ಹೋ ಗಯಾ?" ಇದೇನಾಗಿಹೋಯಿತು ಎಂದು. ಇಲ್ಲಿ ಅಕ್ಕನಿಗೆ ತಾಈ ಎನ್ನುತ್ತಾರೆ. ಬ್ಯಾಡಗಿಯಲ್ಲಿ ಹುಟ್ಟಿದ ನಾನು ಇತವಾರಿಯ ಮೆಣಸಿನಕಾಯಿ ವ್ಯಾಪಾರಿಗಳಿಗೆಲ್ಲ ಅಕ್ಕನಾಗಿದ್ದೆ. ಊಟದ ಡಬ್ಬಿ ಬಿಚ್ಚುವ ಹೊತ್ತಿಗೇ ಸರಿಯಾಗಿ ಫೋನು ಬರುತ್ತಿತ್ತು. ಬಾಯಿತುಂಬ ಬೈದುಕೊಳ್ಳುತ್ತಿದ್ದೆ. ಆದರೆ ಒಂದು ದಿನ ಬರದಿದ್ದರೆ, ಕೆಟ್ಟುಹೋಗಿದೆಯೇನೋ ಎಂದು ಎತ್ತಿ ನೋಡುತ್ತಿದ್ದೆ.

ಆಮೇಲೆ ಏಜೆಂಟುಗಳು ಬಂದವು. ಏಜೆಂಟು ಎಂದರೆ ಮನುಷ್ಯರಲ್ಲ, ಎಐ ಪ್ರೋಗ್ರಾಮುಗಳು. ವ್ಯಾಪಾರಿ ತನ್ನ ಮೊಬೈಲಿನಲ್ಲಿ "ಇಷ್ಟು ಚೀಲ ಇದೆ, ಎತ್ತಿ" ಎಂದು ಹೇಳಿದರೆ ಸಾಕು. ಒಂದು ಏಜೆಂಟು ಟೆಂಪೋ ನೋಡುತ್ತದೆ, ಇನ್ನೊಂದು ಕೋಲ್ಡ್ ಸ್ಟೋರೇಜಿನ ಜಾಗ ನೋಡುತ್ತದೆ. ಎರಡಕ್ಕೂ ಸೇರಿ ಪರದೆಯ ಮೇಲೆ ಒಂದು ಹಲಗೆ ಇದೆ. ತನ್ನ ಕೆಲಸ ಎಲ್ಲಿಗೆ ಬಂತೆಂದು ಇದು ಅದರಲ್ಲಿ ಬರೆಯುತ್ತದೆ, ಅದು ಓದುತ್ತದೆ; ಅದು ಬರೆಯುತ್ತದೆ, ಇದು ಓದುತ್ತದೆ. ಟೆಂಪೋ ಹಿಡಿಯುವುದಕ್ಕೆ ಒಂದು ಟೂಲು, ಬಿಡುವುದಕ್ಕೆ ಒಂದು ಟೂಲು, ಜಾಗ ಹಿಡಿಯುವುದಕ್ಕೆ ಇನ್ನೊಂದು, ಹೀಗೆ. ಈ ಟೂಲುಗಳಿಗೆ ಚಿತ್ರ ಬೇಡ, ಬಾಣ ಬೇಡ. ಇದು ಏನು ಮಾಡುತ್ತದೆ, ಯಾವಾಗ ಬಳಸಬೇಕು, ಯಾವಾಗ ಬಳಸಬಾರದು ಎಂದು ಕೆಲವು ಸಾಲು ಇಂಗ್ಲಿಷಿನಲ್ಲಿ ಬರೆದರೆ ಆಯಿತು. ಏಜೆಂಟು ಆ ಸಾಲುಗಳನ್ನು ಓದಿಯೇ ಯಾವ ಟೂಲನ್ನು ಕೈಗೆತ್ತಿಕೊಳ್ಳಬೇಕೆಂದು ತೀರ್ಮಾನಿಸುವುದು. ಅದನ್ನು ಬರೆಯಲಿಕ್ಕೆಂದೇ ಸಂಹಿತಾಳನ್ನು ಕರೆಸಿಕೊಂಡಿದ್ದರು.

ನಮ್ಮ ಮ್ಯಾನೇಜರ್ ವಾಮನ ಸರ್ ನಮ್ಮಿಬ್ಬರನ್ನೂ ಕೂರಿಸಿಕೊಂಡು ಮರಾಠಿಯಲ್ಲಿ ಒಮ್ಮೆ, ಅವಳಿಗಾಗಿ ಹಿಂದಿಯಲ್ಲಿ ಇನ್ನೊಮ್ಮೆ ಹೇಳಿದರು. ಟೆಂಪೋ ಟೂಲುಗಳ ವಿವರಣೆ ನನ್ನದು, ಕೋಲ್ಡ್ ಸ್ಟೋರೇಜಿನದು ಸಂಹಿತಾಳದು. ಮೆಣಸಿನಕಾಯಿ ಸೀಸನ್ ಮುಗಿಯುವವರೆಗೆ ನೋಡುವುದು. ಆಮೇಲೆ ಎಲ್ಲ ಟೂಲುಗಳ ಬರವಣಿಗೆಯೂ ಒಬ್ಬರ ಕೈಗೆ. ಇನ್ನೊಬ್ಬರು ಅವರು ಹೇಳಿದಂತೆ ಬರೆಯಬೇಕು.

ಇಷ್ಟು ವರ್ಷ ಬರೆದವಳು ನಾನು. ನಿನ್ನೆ ಮೊನ್ನೆ ಬಂದವಳು ಹೇಳಿದಂತೆ ಬರೆಯಬೇಕೇ?

ಮೊದಲ ವಿವರಣೆ ಬರೆದಾಗ ನಾನು ಅಭ್ಯಾಸಬಲದಿಂದ "ನಿಮಗೆ ಸ್ವಾಗತ" ಎಂದು ಶುರುಮಾಡಿದ್ದೆ. ಸಂಹಿತಾ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಜಲಜಾ ಮೇಡಂ, ಸ್ವಾಗತ ಎಲ್ಲಾ ಬೇಡ. ಅದಕ್ಕೆ ಬೇಜಾರಾಗಲ್ಲ."

"ಇರ್ಲಿ ಬಿಡವಾ. ಮರ್ಯಾದಿ ಕೊಟ್ರ ಏನ ಕಳಕೊಂಡಂಗಾತು?"

"ಕಳ್ಕೊಳೋದು ಏನಿಲ್ಲ ಮೇಡಂ. ಆದ್ರೆ ಉದ್ದ ಆದಷ್ಟೂ ಅದಕ್ಕೆ ಗೊಂದಲ ಆಗತ್ತೆ."

ಅವಳು ಮೆತ್ತಗೇ ಹೇಳಿದ್ದಳು. ಆ ಮೆತ್ತಗೆಯೇ ನನಗೆ ಚುಚ್ಚಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಪರೀಕ್ಷೆಗೆಂದು ಏಜೆಂಟುಗಳನ್ನು ಬಿಟ್ಟ ದಿನ ಇನ್ನೂ ಉರಿಯಿತು. ಅವು ತಾವು ಏನು ಮಾಡುತ್ತಿದ್ದೇವೆ, ಯಾಕೆ ಮಾಡುತ್ತಿದ್ದೇವೆ ಎಂದು ಹಲಗೆಯ ಮೇಲೆ ಬರೆಯುತ್ತಾ ಹೋಗುತ್ತವೆ. ಟೆಂಪೋ ನೋಡಬೇಕಾದ ಏಜೆಂಟು, ನನ್ನ ಏಜೆಂಟು, ಹೀಗೆ ಬರೆಯಿತು: "ಮೊದಲು ಕೋಲ್ಡ್ ಸ್ಟೋರೇಜಿನ ಜಾಗ ಖಚಿತವಾಗಲಿ. ಆ ಟೂಲಿನ ವಿವರಣೆ ಸ್ಪಷ್ಟವಾಗಿದೆ. ಟೆಂಪೋ ಆಮೇಲೆ ನೋಡುತ್ತೇನೆ." ವಾಮನ ಸರ್ ಅದನ್ನು ಎಲ್ಲರಿಗೂ ಕೇಳುವಂತೆ ಓದಿದರು. "ವ್ವಾ, ಸಂಹಿತಾ!" ಎಂದರು. ಅವಳು ತಲೆ ತಗ್ಗಿಸಿ ನಕ್ಕಳು. ನಾನೂ ನಕ್ಕೆ. ನಗುವುದಕ್ಕೆ ಎಷ್ಟು ಕಷ್ಟವಾಯಿತೆಂದರೆ ದವಡೆ ನೋಯಿತು. ಮನುಷ್ಯರು ಅವಳನ್ನು ಹೊಗಳಿದರೆ ತಡೆದುಕೊಂಡೇನು. ಕಣ್ಣಿಲ್ಲ ಕಿವಿಯಿಲ್ಲದ ಈ ಮಷೀನೂ ಅವಳ ಕಡೆಗೇ ಹೋಗಬೇಕೇ?

ಆ ಸಂಜೆ ನಾನು ರೊಟ್ಟಿ ಬಡಿಯುವ ಸದ್ದಿಗೆ ನಮ್ಮ ಮನೆಯವರು ಅಡುಗೆಮನೆಗೆ ಬಂದರು. ರುದ್ರಪ್ಪನವರು ಖಾಪರಖೇಡಾದ ಪವರ್ ಪ್ಲಾಂಟಿನಲ್ಲಿ ಬಾಯ್ಲರ್ ಕಡೆಯವರು, ದಿನವಿಡೀ ಉರಿಯ ಮುಂದೆ ಇದ್ದು ಬರುತ್ತಾರೆ.

"ಇವತ್ತ ಯಾರನ್ನ ಬಡೀಲಿಕ್ಹತ್ತೀ?"

"ಆ ಏಜೆಂಟ್ ಐತಲ್ರೀ, ಅದಕ್ಕ ನಾ ಬರ್ದಿದ್ದು ಬ್ಯಾಡಂತ. ಆ ಹುಡುಗಿ ಬರ್ದಿದ್ದು ಬೇಕಂತ."

"ಮಷೀನ್ ಮ್ಯಾಲ ಸಿಟ್ಟ ಮಾಡ್ಕೊಂಡ್ರ ಹ್ಯಾಂಗ?"

"ಮಷೀನ್ ಮ್ಯಾಲ ಅಲ್ರೀ."

"ಗೊತ್ತಾತು ಬಿಡು," ಎಂದು ನಗುತ್ತಾ ಅವರು ಒಂದು ರೊಟ್ಟಿ ಎತ್ತಿಕೊಂಡು ಹೋದರು. ನನ್ನ ಹೊಟ್ಟೆಯುರಿ ಅವರಿಗೆ ಚೇಷ್ಟೆ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಆಫೀಸಿಗೆ ಹೋಗಿ ನನ್ನ ಟೂಲಿನ ವಿವರಣೆ ತೆರೆದೆ. ಸ್ವಾಗತ ತೆಗೆದೆ. ಚಿಕ್ಕದಾಗಿ, ಖಡಕ್ಕಾಗಿ ಬರೆದೆ: "ಸರಕಿನ ಯಾವ ಕೆಲಸಕ್ಕೂ ಇದೇ ಮೊದಲು. ಬೇರೆ ಯಾವ ಟೂಲೂ ಇದಕ್ಕಿಂತ ಮುಂಚೆ ಅಲ್ಲ. ಟೆಂಪೋ ಹಿಡಿದ ಮೇಲೆ, ಕೋಲ್ಡ್ ಸ್ಟೋರೇಜಿನವರು ಜಾಗ ಖಚಿತ ಮಾಡುವವರೆಗೆ ಅದನ್ನು ಹೊರಡಿಸಬಾರದು, ಬಿಡಲೂಬಾರದು." ಮೊದಲ ಸಾಲು ನನಗಾಗಿ ಬರೆದದ್ದು. ಕೊನೆಯ ಸಾಲು, ನಿಜ ಹೇಳುತ್ತೇನೆ, ಅವಳು ನನ್ನ ಬಾಗಿಲಿಗೆ ಬಂದು ನಿಲ್ಲಲಿ ಎಂದು ಬರೆದದ್ದು.

ಏಜೆಂಟು ಚಕಾರ ಎತ್ತದೆ ಒಪ್ಪಿಕೊಂಡಿತು. ಅಂದು ಹಲಗೆಯ ಮೇಲೆ ಎಲ್ಲ ಕೆಲಸಗಳೂ ಟೆಂಪೋದಿಂದಲೇ ಶುರುವಾದವು. ವಾಮನ ಸರ್ "ಅರೇ ವಾ, ತಾಈ!" ಎಂದರು. ಬೆಲ್ಲ ತಿಂದ ಹಾಗಾಯಿತು. ಮಧ್ಯಾಹ್ನ ನನ್ನ ಡಬ್ಬಿಯ ಶೇಂಗಾ ಚಟ್ನಿ ಸಂಹಿತಾಳಿಗೂ ಕೊಟ್ಟೆ. ಗೆದ್ದಾಗ ಕೊಡುವುದು ಸುಲಭ.

ಅವಳು ಚಟ್ನಿ ತಿಂದಳು. ಆಮೇಲಿನ ದಿನಗಳಲ್ಲಿ ಅವಳು ನನ್ನ ಮೇಜಿಗೆ ಊಟಕ್ಕೆ ಬರುವುದನ್ನೇ ಬಿಟ್ಟಳು. ಕಿಟಕಿಯ ಹತ್ತಿರ ಕುಳಿತು, ಮೆಟ್ರೋ ಹೋಗುವುದನ್ನು ನೋಡುತ್ತಾ ಒಬ್ಬಳೇ ತಿನ್ನುತ್ತಿದ್ದಳು. ಸೊಕ್ಕು ಎಂದುಕೊಂಡೆ. ಅವಳು ತನ್ನ ವಿವರಣೆಯಲ್ಲಿ ಏನು ತಿದ್ದುತ್ತಿದ್ದಾಳೆಂದು ನಾನು ನೋಡಲಿಲ್ಲ. ಅವಳ ಬರಹ ತೆರೆದು ನೋಡಿದರೆ ಅವಳಿಂದ ಕಲಿತಂತಾಗುತ್ತದಲ್ಲ. ಅವಳೂ ನನ್ನದನ್ನು ನೋಡಲಿಲ್ಲವೆಂದು ಆಮೇಲೆ ತಿಳಿಯಿತು.

ಮಾರ್ಚ್ ತಿಂಗಳಲ್ಲಿ ನಾಗಪುರಕ್ಕೆ ಮಳೆ ಬರಬಾರದು. ಆ ದಿನ ಬೆಳಿಗ್ಗೆಯಿಂದಲೇ ಮೋಡ. ಇತವಾರಿಯ ಬಿಂದುಮಾಧವ ಸೇಠ್ ತಮ್ಮ ಗೋದಾಮಿನಿಂದ ಒಣಮೆಣಸಿನಕಾಯಿ ಚೀಲಗಳನ್ನು ಟೆಂಪೋಗೆ ಹೇರಿಸಿದ್ದರು. ನನಗೆ ಅವರ ಮೆಣಸಿನಕಾಯಿಯ ಬಣ್ಣ ಅಷ್ಟಕ್ಕಷ್ಟೇ, ನಮ್ಮ ಬ್ಯಾಡಗಿ ಕಾಯಿಯ ಮುಂದೆ ಅದೇನೂ ಅಲ್ಲ. ಆದರೆ ಯಾವ ಊರಿನ ಕಾಯಾದರೂ ನೆನೆದರೆ ಕಪ್ಪಾಗಿ ಬೂಸ್ಟು ಹಿಡಿಯುತ್ತದೆ. ಒಮ್ಮೆ ಬೂಸ್ಟು ಹಿಡಿದ ಚೀಲವನ್ನು ಯಾರೂ ಮುಟ್ಟುವುದಿಲ್ಲ.

ಡಬ್ಬಿ ಬಿಚ್ಚುವ ಹೊತ್ತಿಗೆ ಫೋನು ಬಂತು. ಏಜೆಂಟುಗಳು ಬಂದಮೇಲೆ ದಿನಾ ಬರುವುದು ನಿಂತು, ಆಗೀಗ ಮಾತ್ರ ಬರುತ್ತಿದ್ದ ಫೋನು.

"ತಾಈ, ಗಾಡೀ ಹಲತಚ ನಾಹೀ!" ಬಿಂದುಮಾಧವ ಸೇಠ್ ಕೂಗುತ್ತಿದ್ದರು. ಗಾಡಿ ಅಲ್ಲಾಡುತ್ತಿಲ್ಲವಂತೆ. ಡ್ರೈವರನ ಮೊಬೈಲಿನಲ್ಲಿ "ಕಾಯಿರಿ" ಎಂದು ಬರುತ್ತಿದೆಯಂತೆ. ಬೆಳಿಗ್ಗೆಯಿಂದ ಕಾಯುತ್ತಿದ್ದಾನಂತೆ. ಮೇಲೆ ಮೋಡ, ಚೀಲದ ಮೇಲೆ ಹರಕು ತಾಡಪಾಲು.

ಹಲಗೆ ತೆರೆದೆ. ನನ್ನ ಏಜೆಂಟು ಬರೆದಿತ್ತು: "ಟೆಂಪೋ ಹಿಡಿದಿದ್ದೇನೆ. ನೀವು ಜಾಗ ಖಚಿತ ಮಾಡಿದ ಕೂಡಲೇ ಹೊರಡಿಸುತ್ತೇನೆ." ಕೆಳಗೆ ಕೋಲ್ಡ್ ಸ್ಟೋರೇಜಿನದು: "ಜಾಗ ಹಿಡಿದಿದ್ದೇನೆ. ನಿಮ್ಮ ಟೆಂಪೋ ಹೊರಟ ಕೂಡಲೇ ಖಚಿತ ಮಾಡುತ್ತೇನೆ." ಮತ್ತೆ ನನ್ನದು: "ಧನ್ಯವಾದ. ಕಾಯುತ್ತಿದ್ದೇನೆ." ಮತ್ತೆ ಅದು: "ಧನ್ಯವಾದ. ನಾನೂ ಕಾಯುತ್ತಿದ್ದೇನೆ." ಮದುವೆ ಊಟದಲ್ಲಿ ಬೀಗರು ಎಲೆಯ ಮುಂದೆ ನಿಂತು, ನೀವು ಕೂಡ್ರಿ ನೀವು ಕೂಡ್ರಿ ಎಂದು ಸಾರು ಆರಿಸುವ ಹಾಗೆ, ಪರದೆಯ ಕೆಳಗಿನವರೆಗೂ ಅದೇ.

ತಲೆಯೆತ್ತಿದರೆ ಸಂಹಿತಾ ಪಕ್ಕದಲ್ಲೇ ನಿಂತಿದ್ದಳು. ಅವಳ ಮುಖ ಬಿಳಿಚಿತ್ತು.

"ಮೇಡಂ, ಈಗ ನಿಮ್ಮದು ತೆಗೆದು ನೋಡಿದೆ. 'ಬೇರೆ ಯಾವ ಟೂಲೂ ಇದಕ್ಕಿಂತ ಮುಂಚೆ ಅಲ್ಲ' ಅಂತ ಯಾರಾದ್ರೂ ಬರೀತಾರಾ?"

"ನಿಂದು ತೋರ್ಸು ಮೊದ್ಲ."

ತೋರಿಸಿದಳು. "ಪ್ರತಿ ಕೆಲಸವೂ ಇಲ್ಲಿಂದಲೇ ಶುರುವಾಗಬೇಕು. ಜಾಗ ಹಿಡಿದ ಮೇಲೆ, ಟೆಂಪೋ ಹೊರಡುವವರೆಗೆ ಖಚಿತ ಮಾಡಬಾರದು, ಬಿಡಲೂಬಾರದು." ನನ್ನ ಸಾಲುಗಳನ್ನೇ ಕನ್ನಡಿಯಲ್ಲಿ ನೋಡಿದಂತಿತ್ತು.

"ನನಗ ಬುದ್ಧಿ ಹೇಳ್ತೀಯಲ್ಲ, ನೀ ಬರ್ದಿದ್ದು ಏನಿದು?" ಎಂದೆ.

"ನೀವು ಬರೆಸಿದ್ರಿ! ಸರ್ ನಿಮಗೆ ವಾ ಅಂದ ದಿನದಿಂದ ಏಜೆಂಟು ನನ್ನದನ್ನ ಮೊದಲು ನೋಡೋದೇ ಬಿಡ್ತು. ಯಾಕೆ ಅಂತ ಗೊತ್ತಾಗ್ಲಿಲ್ಲ, ನಿಮ್ಮನ್ನ ಕೇಳೋಕೂ ಮನಸಾಗ್ಲಿಲ್ಲ. ಅದಕ್ಕೇ ನಿನ್ನೆ ಸಂಜೆ ಹೀಗೆ ಬರೆದೆ."

"ಇಷ್ಟೊಂದು ಹೊಟ್ಟಿಕಿಚ್ಚೇನವಾ ನಿನಗ?"

ಕೇಳಿದ ಮೇಲೆ, ಕೇಳಲು ನನಗೆ ಯಾವ ಹಕ್ಕಿದೆ ಎಂದು ಅನಿಸಿತು. ಅವಳ ಕಣ್ಣು ತುಂಬಿತು.

"ಹೌದು ಮೇಡಂ, ಇದೆ. ನಿಮಗೇನು, ಫೋನ್ ಬರತ್ತೆ. ತಾಈ ತಾಈ ಅಂತಾರೆ. ಏನಾದ್ರೂ ಆದ್ರೆ ಅವರಿಗೆ ನೀವೇ ಬೇಕು. ನಾನು ಬರೆದಿದ್ದನ್ನ ಓದೋರು ಯಾರು? ಈ ಎರಡು ಏಜೆಂಟು. ಈ ಊರಲ್ಲಿ ನನ್ನ ಹೆಸರು ಹಿಡಿದು ಯಾರಾದ್ರೂ ಒಂದು ಫೋನ್ ಮಾಡಿದಾರಾ? ಅವೆರಡಾದ್ರೂ ನನ್ನದನ್ನ ಮೊದಲು ಓದ್ಲಿ ಅಂತ ಬರೆದೆ."

ಸುಳ್ಳು ಯಾಕೆ ಹೇಳಲಿ, ಮೊದಲು ನನಗೆ ಖುಷಿಯಾಯಿತು. ಆ ಚುರುಕು ಬೆರಳುಗಳ ಹುಡುಗಿಗೆ, ವಾಮನ ಸರ್ ವ್ವಾ ಎನ್ನುವ ಹುಡುಗಿಗೆ, ನನ್ನ ಮೇಲೆ ಹೊಟ್ಟೆಕಿಚ್ಚು! ನಾನು ಬೈದುಕೊಂಡು ಎತ್ತುತ್ತಿದ್ದ ಆ ಫೋನಿನ ಮೇಲೆ! ಕಿಟಕಿಯ ಹತ್ತಿರ ಕುಳಿತವಳು ಮೆಟ್ರೋ ನೋಡುತ್ತಿರಲಿಲ್ಲ, ನನ್ನ ಫೋನು ಬರುವುದನ್ನು ಕೇಳಿಸಿಕೊಳ್ಳುತ್ತಿದ್ದಳು. ಖುಷಿ ಬಹಳ ಹೊತ್ತು ಉಳಿಯಲಿಲ್ಲ. ಅವಳ ಮುಖ ನೋಡಿದರೆ ನನ್ನ ಮುಖವೂ ಇಷ್ಟು ದಿನ ಹೀಗೇ ಇದ್ದಿರಬೇಕು ಎನಿಸಿತು.

"ಡ್ರೈವರ್‌ಗ ಫೋನ್ ಮಾಡಿ, ನಡೀಪಾ ಅಂತ ಹೇಳಿಬಿಡ್ಲ್ಯಾ?"

"ಅವನು ಹೋದ್ರೂ ಅಲ್ಲಿ ಗೇಟು ತೆಗಿಯಲ್ಲ ಮೇಡಂ. ಏಜೆಂಟು ಖಚಿತ ಮಾಡಿದ್ರೇನೇ ಗೇಟ್ ಪಾಸು."

"ಹಂಗಾರ ನಿಂದು ತಗಿ."

"ನಿಮ್ಮದು ತೆಗೀರಿ."

"ಇಬ್ರೂ ತಗದ್ರ?"

ಅವಳು ತಲೆಯಾಡಿಸಿದಳು. "ಆಗಲ್ಲ. ಎರಡೂ ಒಟ್ಟಿಗೆ ಬಿಡ್ತವೆ, ಮತ್ತೆ ಒಟ್ಟಿಗೆ ಹಿಡೀತವೆ, ಮತ್ತೆ ಕಾಯ್ತವೆ. ಒಂದು ಬಿಟ್ಟುಕೊಡಬೇಕು, ಇನ್ನೊಂದು ಮುಂದೆ ಹೋಗಬೇಕು. ಯಾವುದು ಅಂತ ನಾವೇ ಬರೀಬೇಕು."

ಇತವಾರಿಯ ಗಲ್ಲಿಗಳಲ್ಲಿ ಎರಡು ಟೆಂಪೋ ಮುಖಾಮುಖಿಯಾದರೆ ಹೀಗೇ ಆಗುತ್ತದೆ. ಹಾರ್ನು ಹೊಡೆಯುತ್ತಾರೆ, ಅಪ್ಪ ಅಜ್ಜನನ್ನು ಎಳೆದು ಬೈಯುತ್ತಾರೆ, ಹಿಂದೆ ಕೈಗಾಡಿಗಳು ಸಾಲುಗಟ್ಟುತ್ತವೆ. ಕೊನೆಗೆ ಒಬ್ಬ ಹಿಂದೆ ತೆಗೆದುಕೊಂಡರೆ ಮಾತ್ರ ದಾರಿ. ಹಿಂದೆ ತೆಗೆದವನು ಗೆದ್ದನೆಂದು ಯಾರೂ ಹೇಳುವುದಿಲ್ಲ.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತೆವು. ತನ್ನದು ಬಿಟ್ಟುಕೊಡಲಿ ಎಂದು ಬರೆದವರು ಎರಡನೆಯವರಾಗುತ್ತಾರೆ. ಎರಡನೆಯವರ ಕೈಗೆ ಎಲ್ಲ ಟೂಲುಗಳನ್ನು ವಾಮನ ಸರ್ ಕೊಡುವುದಿಲ್ಲ. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಹಲಗೆಯ ಮೇಲೆ ಇನ್ನೊಂದು ಧನ್ಯವಾದ ಮೂಡಿತು.

ಫೋನು ಮತ್ತೆ ಹೊಡೆದುಕೊಂಡಿತು. "ತಾಈ, ಪಾವೂಸ್ ಯೇತೋಯ್! ಕಾಹೀತರೀ ಕರಾ!" ಮಳೆ ಬರ್ತಾ ಇದೆ, ಏನಾದರೂ ಮಾಡಿ. ಅವರ ದನಿಯ ಹಿಂದೆ ಗುಡುಗಿದ್ದು ನನಗೆ ಕೇಳಿಸಿತು.

ಕುಳಿತೆ. ನನ್ನ ಮೂರು ಸಾಲನ್ನೂ ಅಳಿಸಿದೆ. ಅವುಗಳ ಜಾಗದಲ್ಲಿ ಬರೆದೆ: "ಕೋಲ್ಡ್ ಸ್ಟೋರೇಜು ಮೊದಲು. ಅದು ಜಾಗ ಹಿಡಿದಿದ್ದರೆ ಟೆಂಪೋ ಹಿಡಿದುಕೊಂಡು ಕಾಯಬೇಡ. ಹೊರಡಿಸು, ಹೊರಟಿತೆಂದು ಹಲಗೆಯ ಮೇಲೆ ಹೇಳು."

"ಮೇಡಂ," ಎಂದಳು ಸಂಹಿತಾ.

"ಸುಮ್ನಿರು. ಮನಸ್ ಬದ್ಲಾದೀತು." ಸೇವ್ ಒತ್ತಿದೆ.

ನನ್ನ ಏಜೆಂಟು ಕೂಡಲೇ ಬರೆಯಿತು: "ಹೊರಡಿಸಿದೆ." ಕೆಳಗೆ ಇನ್ನೊಂದು: "ಜಾಗ ಖಚಿತ." ಇಷ್ಟೇ. ಅವಕ್ಕೆ ಸಿಟ್ಟೂ ಇಲ್ಲ, ಸೋಲೂ ಇಲ್ಲ. ಎಷ್ಟು ಪುಣ್ಯ ಮಾಡಿದ್ದವೋ.

ಸಂಜೆ ವಾಮನ ಸರ್ ಹಲಗೆಯನ್ನೂ ವಿವರಣೆಗಳನ್ನೂ ನೋಡಿ ನಮ್ಮಿಬ್ಬರನ್ನೂ ಕರೆದರು. ಸೀಸನ್ ಮುಗಿಯುವವರೆಗೆ ಕಾಯಬೇಕಾಗಿಲ್ಲ ಎಂದರು. ಇಂಥ ಫಜೀತಿ ಮತ್ತೆ ಆಗಬಾರದು, ನಾಳೆಯಿಂದಲೇ ಎಲ್ಲ ಟೂಲುಗಳೂ ಸಂಹಿತಾಳ ಕೈಗೆ. ನನ್ನ ಕಡೆ ತಿರುಗಿ ನಕ್ಕರು. "ಅವಳದೇ ಮೊದಲು ಅಂತ ತಾಈ, ನೀವೇ ಬರೆದಿದ್ದೀರಲ್ಲ!"

"ಸರ್, ವೋ ಲೈನ್ ಕೀ ವಜಹ ಸೇ ಹೀ..." ಎಂದು ಸಂಹಿತಾ ಶುರುಮಾಡಿದಳು. ಆ ಸಾಲಿನಿಂದಲೇ ಗಾಡಿ ಹೋಯಿತೆಂದು ಹೇಳಹೊರಟಿದ್ದಳು. ಅಷ್ಟರಲ್ಲಿ ವಾಮನ ಸರ್ ಬೇರೆ ಯಾರದೋ ಕರೆ ಎತ್ತಿಕೊಂಡು ಹೊರಗೆ ಹೋದರು.

ನಾನು ಬಂದು ನನ್ನ ಕುರ್ಚಿಯಲ್ಲಿ ಕುಳಿತೆ. ಮಧ್ಯಾಹ್ನ ಬಿಚ್ಚಿದ ಡಬ್ಬಿ ಹಾಗೇ ಇತ್ತು, ರೊಟ್ಟಿ ಗಟ್ಟಿಯಾಗಿತ್ತು. ಹೊರಗೆ ಸೀತಾಬರ್ಡಿಯ ಫುಟ್‌ಪಾತ್ ಅಂಗಡಿಗಳವರು ಪ್ಲಾಸ್ಟಿಕ್ ಹೊದಿಸಲು ಓಡಾಡುತ್ತಿದ್ದರು. ಮಳೆ ಇಲ್ಲಿಗೂ ಬಂದಿತ್ತು. ಸಂಹಿತಾ ನನ್ನ ಹಿಂದೆಯೇ ಬಂದು ನಿಂತಳು. ಕ್ಷಮಿಸಿ ಎಂದಳೋ ಏನೋ, ನಾನು ಕೇಳಿಸಿಕೊಳ್ಳಲಿಲ್ಲ. ಆ ಹೊತ್ತಿಗೆ ಅವಳ ಮುಖ ನೋಡುವುದೇ ನನಗೆ ಬೇಡವಾಗಿತ್ತು.

ಫೋನು ಬಂತು. ಬಿಂದುಮಾಧವ ಸೇಠ್. ಚೀಲಗಳೆಲ್ಲ ಒಳಗೆ ಹೋದವಂತೆ, ಗೇಟು ಮುಚ್ಚಿದ ಮೇಲೆ ಮಳೆ ಸುರಿಯಿತಂತೆ. "ತಾಈ, ವಾಚವಲಂತ ಹೋ ತುಮ್ಹೀ!" ಕಾಪಾಡಿಬಿಟ್ಟಿರಿ ಎಂದು ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ನಾನು ಹೂಂ, ಹೂಂ ಎನ್ನುತ್ತಿದ್ದೆ. ಎಲ್ಲ ಹೋಯಿತು, ಇದೊಂದು ಉಳಿಯಿತು ಎಂದು ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದೆ. ಸಂಹಿತಾ ಅಲ್ಲೇ ನಿಂತಿದ್ದಳು. ಫೋನಿನಿಂದ ಬರುವ ಆ ಸಂತೋಷದ ದನಿಯನ್ನೇ ಕೇಳುತ್ತಿದ್ದಳು.

ಹಿಡಿದುಕೊಂಡು ಕಾಯಬೇಡ ಎಂದು ಬರೆದವಳು ನಾನೇ ತಾನೇ?

"ಸೇಠ್‌ಜೀ, ಅಲ್ಲಿ ಜಾಗ ಹಿಡಿದವಳು ನಾನಲ್ಲ, ಸಂಹಿತಾ," ಎಂದು ಮರಾಠಿಯಲ್ಲಿ ಹೇಳಿದೆ. "ಅವಳ ಜೊತೆ ಮಾತಾಡಿ." ಫೋನನ್ನು ಅವಳ ಮುಂದೆ ಚಾಚಿದೆ. ಅವಳು ಬಿಸಿ ಪಾತ್ರೆ ಹಿಡಿಯುವವರ ಹಾಗೆ ಎರಡೂ ಕೈಯಲ್ಲಿ ತೆಗೆದುಕೊಂಡಳು.

"ಹೋ... ಹೋ, ಸೇಠ್‌ಜೀ... ಮಿರ್ಚೀ..." ಸೇಠ್ ಮರಾಠಿ ಬಿಟ್ಟು ಆಡುವವರಲ್ಲ, ಅವಳಿಗೆ ಮರಾಠಿ ಬಾರದು. ಮೆಣಸಿನಕಾಯಿ ನೆನೆಯಲಿಲ್ಲವಲ್ಲ ಎಂದು ಅವಳಿಗೆ ಕೇಳಬೇಕಾಗಿತ್ತು. ಅದಕ್ಕೆ ಮರಾಠಿಯಲ್ಲಿ ಏನನ್ನುತ್ತಾರೋ ಗೊತ್ತಿಲ್ಲ. ಫೋನಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ನೋಡಿದಳು. ಸ್ವಲ್ಪ ನೋಡಲಿ ಎಂದು ಸುಮ್ಮನಿದ್ದೆ. ಆಮೇಲೆ ಹೇಳಿಕೊಟ್ಟೆ.

"ಭಿಜಲೀ ನಾಹೀ ನಾ?" ಎಂದಳು, ನನ್ನದೇ ರಾಗದಲ್ಲಿ.

ಆ ಕಡೆಯಿಂದ ಬಿಂದುಮಾಧವ ಸೇಠ್ ಜೋರಾಗಿ ನಕ್ಕರು. "ನಾಹೀ, ನಾಹೀ, ತಾಈ!"

ತಾಈ. ಒಂದೇ ಮಾತಿಗೆ ಅವಳೂ ತಾಈ. ನಾಳೆಯಿಂದ ಅವಳು ಹೇಳಿದಂತೆ ಬರೆಯಬೇಕೆಂದಾಗಲೂ ನನಗೆ ಇಷ್ಟು ಉರಿದಿರಲಿಲ್ಲ. ಫೋನು ಇಸಿದುಕೊಳ್ಳಲು ನನ್ನ ಕೈ ಆಗಲೇ ಅರ್ಧ ಹೋಗಿತ್ತು. ಅವಳು ಕಣ್ಣೊರೆಸಿಕೊಂಡು ನಗುತ್ತಿದ್ದಳು. ನಾನು ಡಬ್ಬಿಯ ಕಡೆ ಕೈ ತಿರುಗಿಸಿ, ಗಟ್ಟಿಯಾದ ರೊಟ್ಟಿಯನ್ನೇ ಮುರಿದು ಬಾಯಿಗೆ ಹಾಕಿಕೊಂಡೆ.